ಅಘನಾಶಿನಿ ಅಳಿವೆಯಲ್ಲಿ ಹಕ್ಕಿ ನೋಡಲು ಯಾವ ಹೊತ್ತಿಗೆ ಹೋಗಬೇಕು?

ಪ್ರಶ್ನೆ: ಡಿಸೆಂಬರಿನಲ್ಲಿ ಎರಡು ದಿನ ಕುಮಟಾ–ಗೋಕರ್ಣ ಕಡೆ ಹೊರಟಿದ್ದೇವೆ, ಗಂಡ-ಹೆಂಡತಿ ಇಬ್ಬರೇ. ಕೆರೆಯ ಹಕ್ಕಿಗಳು ಗೊತ್ತು, ಕಡಲಿನವು ಹೊಸದು. ಇಬ್ಬರಿಗೂ ಸೇರಿ 8×42 (ಎಂಟು ಪಟ್ಟು ದೊಡ್ಡದಾಗಿ ತೋರಿಸುವ) ಬೈನಾಕ್ಯುಲರ್ ಒಂದೇ. ಕೆರೆಗೆ ಹೋದ ಹಾಗೆ ಬೆಳಗ್ಗೆ ಆರಕ್ಕೆ ಹೋದರಾಯಿತೇ? ಬಲ್ಲವರು ತಿಳಿಸಿ.

ಉತ್ತರ 1: ಆರು ಗಂಟೆಯ ಲೆಕ್ಕ ಕೆರೆಗೆ ಸರಿ. ಅಳಿವೆಯಲ್ಲಿ ಮೊದಲು ಕಾರವಾರದ ಉಬ್ಬರ-ಇಳಿತದ ವೇಳಾಪಟ್ಟಿ ನೋಡಿ. ನೀರು ಪೂರ್ತಿ ಇಳಿದಾಗ ಹಕ್ಕಿಗಳೆಲ್ಲ ಕೆಸರಿನ ಆಚೆ ತುದಿಯಲ್ಲಿರುತ್ತವೆ, ನಿಮಗೆ ಕಾಣುವುದು ಬರೀ ಚುಕ್ಕಿ. ಉಬ್ಬರ ತುಂಬುವುದಕ್ಕೆ ಎರಡು-ಮೂರು ಗಂಟೆ ಮೊದಲೇ ದಡದಲ್ಲಿ ಕೂತುಬಿಡಿ. ಏರುವ ನೀರೇ ಅವನ್ನು ನಿಮ್ಮತ್ತ ತಳ್ಳುತ್ತದೆ. ಉಬ್ಬರದ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತ ಹೋಗುತ್ತದೆ, ಹಾಗಾಗಿ ಎರಡನೇ ದಿನಕ್ಕೆ ಮೊದಲ ದಿನದ ಸಮಯ ಹಿಡಿಯಬೇಡಿ. ಮಿರ್ಜಾನ್ ಕಡೆ ಒಳಗೆ ಹೋದಷ್ಟೂ ನೀರು ಇನ್ನೂ ತಡವಾಗಿ ಏರುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳೇ ಒಳ್ಳೆಯವು. ಅಷ್ಟಮಿ ಹೊತ್ತಿಗೆ ಉಬ್ಬರ ಸಪ್ಪೆ, ಕೆಸರು ಪೂರ್ತಿ ಮುಳುಗುವುದಿಲ್ಲ.

ಉತ್ತರ 2: ಉಬ್ಬರ ತುಂಬಿದ ಮೇಲೆ ಹಕ್ಕಿಗಳು ಎಲ್ಲಿ ಹೋದವು ಎಂದು ಹುಡುಕುವವರೇ ಹೆಚ್ಚು. ಸಾಣಿಕಟ್ಟೆಯ ಉಪ್ಪಿನ ಆಗರ, ಮಾಣಿಕಟ್ಟೆ ಕಡೆಯ ಗಜನಿ (ಉಪ್ಪುನೀರು ನುಗ್ಗುವ ತಗ್ಗು ಗದ್ದೆ) ನೋಡಿ. ಆಗರದೊಳಗೆ ಕಾಲಿಡುವ ಮುಂಚೆ ಅಲ್ಲಿಯವರನ್ನು ಕೇಳಿ, ಕಟ್ಟೆಯ ಮೇಲೆಯೇ ನಡೆಯಿರಿ. ಇಳಿತದಲ್ಲಿ ಬಳಚು (ತಿನ್ನುವ ಚಿಪ್ಪುಜೀವಿ) ಆರಿಸುವವರು ಕೆಸರಲ್ಲಿ ಓಡಾಡುತ್ತಾರೆ ಎಂದು ನೀವೂ ಇಳಿಯಬೇಡಿ. ಗಟ್ಟಿ ನೆಲ ಎಲ್ಲಿದೆ ಎಂದು ಅವರಿಗೆ ಗೊತ್ತು, ನಿಮಗೆ ಮೊಣಕಾಲು ಹೂತಾಗ ತಿಳಿಯುತ್ತದೆ. ಹವಾಯಿ ಚಪ್ಪಲಿ ಬೇಡ, ಚಿಪ್ಪು ಕಾಲು ಕೊಯ್ಯುತ್ತದೆ.

ಉತ್ತರ 3: ಬೈನಾಕ್ಯುಲರ್ ಒಂದೇ ಇದ್ದರೆ ಜಗಳ ಬರುವುದು ಬಲಗಣ್ಣಿನ ಡಯಾಪ್ಟರ್ ಉಂಗುರದಿಂದ (ಎರಡು ಕಣ್ಣಿನ ದೃಷ್ಟಿಯ ವ್ಯತ್ಯಾಸ ಸರಿದೂಗಿಸುವ ಉಂಗುರ). ಇಬ್ಬರ ಕಣ್ಣೂ ಒಂದೇ ಅಲ್ಲ. ಎಡಗಣ್ಣಿನಿಂದ ನಡುವಿನ ಚಕ್ರ ತಿರುಗಿಸಿ ಫೋಕಸ್ ಮಾಡಿ, ಆಮೇಲೆ ಬಲಗಣ್ಣಿಗೆ ಉಂಗುರ ಹೊಂದಿಸಿ. ಇಬ್ಬರ ಗುರುತನ್ನೂ ಎರಡು ಬಣ್ಣದ ಟೇಪಿನಲ್ಲಿ ಅಂಟಿಸಿಕೊಳ್ಳಿ. ಸಾಧ್ಯವಾದರೆ ಇನ್ನೊಂದು 8× ಎರವಲು ತನ್ನಿ. ಕಡಲ ಗಾಳಿಗೆ 10× ಕೈಯಲ್ಲಿ ನಡುಗುತ್ತದೆ. ಲೆನ್ಸಿನ ಮೇಲೆ ಉಪ್ಪುನೀರು ಸಿಡಿದರೆ ಒಣಬಟ್ಟೆಯಲ್ಲಿ ಉಜ್ಜಬೇಡಿ, ಉಪ್ಪಿನ ಹರಳು ಗೀರು ಹಾಕುತ್ತದೆ. ಮೊದಲು ಸಿಹಿನೀರಲ್ಲಿ ಒದ್ದೆ ಮಾಡಿದ ಬಟ್ಟೆ. ಇನ್ನೊಂದು: ಕಡಲು ಪಶ್ಚಿಮಕ್ಕಿದೆ, ಬೆಳಗ್ಗೆ ಬಿಸಿಲು ಬೆನ್ನಿಗೆ. ಸಂಜೆ ಹಕ್ಕಿಯೆಲ್ಲ ಕಪ್ಪು ನೆರಳು.

ಉತ್ತರ 4: ಮೊದಲ ದಿನ ತಲೆ ಕೆಡಿಸುವುದು ಪ್ಲೋವರ್‌ಗಳು (ಕೆಸರು ದಡದಲ್ಲಿ ಓಡಾಡುವ ಗಿಡ್ಡ ಕೊಕ್ಕಿನ ಸಣ್ಣ ಹಕ್ಕಿಗಳು). ಕತ್ತಿನ ಹಿಂದೆ ಪೂರ್ತಿ ಬಿಳಿ ಪಟ್ಟಿ ಇದ್ದರೆ ಕೆಂಟಿಶ್ ಪ್ಲೋವರ್ ಇರಬಹುದು. ಪಟ್ಟಿ ಇಲ್ಲದಿದ್ದರೆ ಸ್ಯಾಂಡ್ ಪ್ಲೋವರ್ ಇರಬಹುದು, ಆಗ ಕೊಕ್ಕು ನೋಡಿ: ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಿನ ಅಂಚಿನವರೆಗಿನ ಅಂತರಕ್ಕಿಂತ ಕೊಕ್ಕು ಉದ್ದವಾಗಿದ್ದರೆ ಗ್ರೇಟರ್. ಸಮ ಅಥವಾ ಗಿಡ್ಡ ಇದ್ದರೆ ಲೆಸರ್ ಗುಂಪಿನದು. ಉದ್ದ ಬಾಗುಕೊಕ್ಕಿನ ದೊಡ್ಡ ಹಕ್ಕಿಯ ನೆತ್ತಿಯಲ್ಲಿ ಪಟ್ಟೆ ಕಂಡರೆ ವಿಂಬ್ರೆಲ್, ಇಲ್ಲದಿದ್ದರೆ ಕರ್ಲ್ಯೂ. ಒಬ್ಬರು ನೋಡುತ್ತ ಹೇಳಿ, ಇನ್ನೊಬ್ಬರು ಬರೆದುಕೊಳ್ಳಿ. ಕಣ್ಣು ತೆಗೆದರೆ ಗುಂಪಿನ ಎಣಿಕೆ ತಪ್ಪುತ್ತದೆ. ಫೋಟೊಗೆಂದು ಹತ್ತಿರ ಹೋಗುವಾಗ ಹಕ್ಕಿಗಳು ಮೇಯುವುದು ಬಿಟ್ಟು ತಲೆ ಎತ್ತಿದರೆ ಅಲ್ಲೇ ನಿಲ್ಲಿ.