ನೌಕಾಪಡೆಯಲ್ಲಿದ್ದ ಮಾವನ ‘ಮೂರು ಕಾಲಿನ ಯುದ್ಧ’: ತಿಳಿದವರು ಹೇಳಬಹುದೇ?

ಪ್ರಶ್ನೆ (ನೀರ್ಚಾಲಿನಿಂದ):
ಕಳೆದ ವಾರ ತೀರಿಕೊಂಡ ನನ್ನ ಸೋದರಮಾವ 1966ರಲ್ಲಿ ನೌಕಾಪಡೆಗೆ ಸೇರಿ, ಹದಿನೈದು ವರ್ಷ ದುಡಿದು, ಊರಿಗೆ ಮರಳಿ ಅಡಿಕೆ ತೋಟ ನೋಡಿಕೊಂಡಿದ್ದವರು. ಉತ್ತರಕ್ರಿಯೆಯ ದಿನ ಹಂಚಲು ಅವರ ಬಗ್ಗೆ ನಾಲ್ಕು ಪುಟ ಬರೆಯುವ ಹೊಣೆ ನನ್ನ ಮೇಲಿದೆ. ಅವರಾದರೋ ಯುದ್ಧದ ಮಾತೆತ್ತಿದರೆ ಎಲೆಯಡಿಕೆಯ ತಟ್ಟೆಯನ್ನು ಹತ್ತಿರಕ್ಕೆ ಎಳೆದುಕೊಂಡು ಸುಮ್ಮನಾಗುತ್ತಿದ್ದರು. ಟ್ರಂಕಿನಲ್ಲಿ ಪೂರ್ವಿ ಸ್ಟಾರ್, ಸಂಗ್ರಾಮ್ ಮೆಡಲ್, ವಿಕ್ರಾಂತ್ ಹೆಸರಿನ ಟೋಪಿಯ ಪಟ್ಟಿ ಮತ್ತು ಸ್ಟೋಕರ್ ಕೆಲಸವೆಂದು ನಮೂದಿಸಿದ ಡಿಸ್ಚಾರ್ಜ್ ಪುಸ್ತಕ ಸಿಕ್ಕಿವೆ. ಪುಸ್ತಕದಲ್ಲಿ ಜಿಲ್ಲೆ ಕಣ್ಣಾನೂರು ಎಂದಿದೆ; ಇದು ತಪ್ಪೇ? ತೋಟದ ಪಂಪು ಕೆಟ್ಟಾಗಲೆಲ್ಲ ಅವರು, “ಮೂರು ಕಾಲಿನಲ್ಲೇ ಯುದ್ಧಕ್ಕೆ ಹೋಗಿ ಬಂದಿದ್ದೇವೆ, ಇದೇನು ಮಹಾ” ಎನ್ನುತ್ತಿದ್ದರು. ಈ ಮಾತಿನ ಅರ್ಥವೇನಿರಬಹುದು?

ಉತ್ತರ (ಮಂಜೇಶ್ವರ, ನಿವೃತ್ತ ನಾವಿಕ):
ಸ್ಟೋಕರ್ ಎಂದರೆ ಹಡಗಿನ ಬಾಯ್ಲರುಗಳನ್ನು ನೋಡಿಕೊಳ್ಳುವವನು; ನಿಮ್ಮ ಮಾವ ಹಡಗಿನ ಹೊಟ್ಟೆಯೊಳಗೆ ಇದ್ದವರು. ವಿಮಾನವಾಹಕ ಹಡಗು ವಿಕ್ರಾಂತಿಗೆ ಆವಿ ಎಬ್ಬಿಸುವ ನಾಲ್ಕು ಬಾಯ್ಲರುಗಳಿದ್ದವು; 1971ರ ಪಾಕಿಸ್ತಾನದೊಂದಿಗಿನ ಯುದ್ಧದ ಹೊತ್ತಿಗೆ ಒಂದರಲ್ಲಿ ಬಿರುಕು ಕಂಡುಬಂದುದರಿಂದ ಉಳಿದ ಮೂರನ್ನೇ ನಂಬಿ, ವೇಗ ಕಡಿಮೆ ಮಾಡಿಕೊಂಡು ಹಡಗನ್ನು ಬಂಗಾಳ ಕೊಲ್ಲಿಗೆ ಕಳುಹಿಸಲಾಯಿತು. ಅವರು ಹೇಳುತ್ತಿದ್ದ ‘ಮೂರು ಕಾಲು’ ಇದೇ ಇರಬೇಕು. ವಿಮಾನವಾಹಕ ಹಡಗು ಗಾಳಿಗೆದುರಾಗಿ ವೇಗ ಹಿಡಿದರೆ ಮಾತ್ರ ವಿಮಾನಗಳು ಸಲೀಸಾಗಿ ಏರುವುದರಿಂದ ಇದು ಸಣ್ಣ ಕೊರತೆಯಾಗಿರಲಿಲ್ಲ. ಆದರೂ ಡಿಸೆಂಬರ್ 4ರಿಂದ ಅದರ ಸೀ ಹಾಕ್ ವಿಮಾನಗಳು ಈಗಿನ ಬಾಂಗ್ಲಾದೇಶದ ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ನಡೆಸಿದವು. ಈ ಹಡಗನ್ನೇ ಹುಡುಕಿಕೊಂಡು ಬಂದಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ಘಾಜಿ ವಿಶಾಖಪಟ್ಟಣದ ಬಳಿ ಮುಳುಗಿತು. ಆಗ ವಿಕ್ರಾಂತ್ ಅಂಡಮಾನಿನ ಕಡೆ ಇತ್ತು. ಪತ್ರಿಕೆಗಳಲ್ಲಿ ವಿಮಾನ ಹಾರಿಸಿದವರ ಹೆಸರು ಬಂತು, ಕೆಳಗೆ ಬೆವರು ಸುರಿಸಿ ಆವಿ ಎಬ್ಬಿಸಿದವರದ್ದು ಬರಲಿಲ್ಲ. ಪೂರ್ವಿ ಸ್ಟಾರ್ ಆ ಯುದ್ಧದ ಪೂರ್ವ ವಲಯದ ಸೇವೆಗೆ ಕೊಟ್ಟದ್ದು; ಸಂಗ್ರಾಮ್ ಮೆಡಲ್ ಕೂಡ ಆ ಯುದ್ಧಕಾಲದ ಸೇವೆಗೆ ಸಿಕ್ಕಿದ್ದು.

ಉತ್ತರ (ಕುಂಬಳೆ):
ಜಿಲ್ಲೆಯ ಹೆಸರು ತಪ್ಪಲ್ಲ. 1956ರವರೆಗೆ ನಾವು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡದವರು, ಆಮೇಲೆ ಕೇರಳದ ಕಣ್ಣೂರು (ಹಳೆಯ ಹೆಸರು ಕಣ್ಣಾನೂರು) ಜಿಲ್ಲೆಯವರು. ಕಾಸರಗೋಡು ಜಿಲ್ಲೆಯಾದದ್ದು 1984ರಲ್ಲಿ. ಒಂದೇ ಮನೆಯಲ್ಲಿ ಕುಳಿತು ನಮ್ಮ ಹಿರಿಯರು ಮೂರು ಜಿಲ್ಲೆ ಕಂಡಿದ್ದಾರೆ. ಅತ್ತೆಯವರ ಕುಟುಂಬ ಪಿಂಚಣಿಗೆ ಬರೆಯುವಾಗ ಡಿಸ್ಚಾರ್ಜ್ ಪುಸ್ತಕದ ಕಣ್ಣಾನೂರನ್ನೂ ಈಗಿನ ವಿಳಾಸವನ್ನೂ ಎರಡನ್ನೂ ನಮೂದಿಸಿ, ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ತೋರಿಸಿ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ಅತ್ತೆಗೆ ಇದನ್ನೆಲ್ಲ ಓದಿ ಹೇಳಿದೆ. ರಾತ್ರಿ ಪಂಪಿನ ಸದ್ದು ತುಸು ಬದಲಾದರೂ ಮಾವ ನಿದ್ದೆಯಿಂದ ಎದ್ದು, ಟಾರ್ಚು ಹಿಡಿದು ತೋಟಕ್ಕೆ ಇಳಿಯುತ್ತಿದ್ದರಂತೆ. ಅದನ್ನೂ ಸೇರಿಸಿ ಬರೆಯುತ್ತೇನೆ.