ರೌಟರಿನ ಫೈರ್‌ವಾಲ್ ಸಾಕಾ, ಕಂಪ್ಯೂಟರಿಗೂ ಬೇರೆ ಬೇಕಾ? ಅನುಭವ ಇದ್ದವರು ಹೇಳಿ

ಕೇಳಿದವರು, ಶಿರಸಿ ಹತ್ತಿರದ ಹಳ್ಳಿ
ಮನೆಯಲ್ಲಿ ವಿಂಡೋಸ್ 11 ಡೆಸ್ಕ್‌ಟಾಪ್ ಇದೆ, ಫೈಬರ್ ಲೈನ್. ಆಂಟಿವೈರಸ್ ಜೊತೆ ಬಂದ ಫೈರ್‌ವಾಲಿನ (ನೆಟ್ಟಿನಿಂದ ಬರುವ ಬೇಡದ ಸಂಪರ್ಕ ತಡೆಯುವ ಕಾವಲು) ಅವಧಿ ಮುಂದಿನ ತಿಂಗಳು ಮುಗಿಯುತ್ತದೆ. ರಿನೀವಲ್ಲಿಗೆ 1,449 ರೂಪಾಯಿ. ಅಂಗಡಿಯವರು "ರೌಟರಿನಲ್ಲೇ ಫೈರ್‌ವಾಲ್ ಇದೆ, ಸುಮ್ನೆ ಯಾಕೆ ದಂಡ" ಅನ್ನುತ್ತಾರೆ. ಮಳೆಗಾಲದಲ್ಲಿ ಮಗಳು ಲ್ಯಾಪ್‌ಟಾಪ್ ತಂದು ಇಲ್ಲಿಂದಲೇ ಕೆಲಸ ಮಾಡುತ್ತಾಳೆ. ಯಾವುದು ಇಟ್ಟುಕೊಳ್ಳಲಿ?

ಕುಮಟಾ, ನಿವೃತ್ತ ಮಾಸ್ತರು
ಸಾಫ್ಟ್‌ವೇರ್. ಎರಡು ಮಾತಿಲ್ಲ. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ವರ್ಮ್ ಬಂದಾಗ ನಮ್ಮಲ್ಲಿ ಡಯಲ್‌ಅಪ್. ನೆಟ್ ಹಚ್ಚಿ ಕೂತರೆ ಸಾಕು, 60 ಸೆಕೆಂಡಿನ ಎಣಿಕೆ ಶುರುವಾಗಿ ಕಂಪ್ಯೂಟರ್ ತಾನಾಗಿ ಬಂದ್. ಯಾವ ಫೈಲನ್ನೂ ತೆರೆದಿಲ್ಲ, ಏನನ್ನೂ ಒತ್ತಿಲ್ಲ. 135ನೇ ಪೋರ್ಟಿನಿಂದ (ನೆಟ್ ಸಂಪರ್ಕಕ್ಕೆ ಇರುವ ನಂಬರಿನ ಬಾಗಿಲು ಅಂದುಕೊಳ್ಳಿ) ಸೀದಾ ಒಳಗೆ. ವಿಂಡೋಸ್ ಎಕ್ಸ್‌ಪಿಯಲ್ಲಿ ಫೈರ್‌ವಾಲ್ ಇತ್ತು, ಆದರೆ ಆಫ್ ಮಾಡಿಯೇ ಕೊಡುತ್ತಿದ್ದರು. 2004ರಲ್ಲಿ ಸರ್ವಿಸ್ ಪ್ಯಾಕ್ 2 ಬಂದ ಮೇಲೆ ಅದು ಆನ್ ಆಗಿ ಬರಲು ಶುರುವಾಯಿತು. ಅಷ್ಟರೊಳಗೆ ರಿಪೇರಿಯವನು ಫಾರ್ಮ್ಯಾಟಿಗೆ 400 ತೆಗೆದುಕೊಂಡ. ವಾರದೊಳಗೆ ಮತ್ತೆ ಅದೇ ಕತೆ, ಮತ್ತೆ 400. ಟೈಪ್ ಮಾಡಿಟ್ಟ ಪ್ರಶ್ನೆಪತ್ರಿಕೆಗಳೆಲ್ಲ ಹೋದವು. ಝೋನ್‌ಅಲಾರ್ಮ್ ಅನ್ನುವ ಫೈರ್‌ವಾಲ್ ಸಾಫ್ಟ್‌ವೇರ್ ಹಾಕಿದ ಮೇಲೇ ನೆಮ್ಮದಿ. ಯಾವ ಪ್ರೋಗ್ರಾಂ ಹೊರಗೆ ಹೋಗಲು ನೋಡಿದರೂ ನನ್ನನ್ನು ಕೇಳಿಯೇ ಹೋಗಬೇಕು. ರೌಟರಿಗೆ ಪ್ರೋಗ್ರಾಮಿನ ಹೆಸರು ಗೊತ್ತಾ?

ಕಾರವಾರ, ಲಾಡ್ಜಿನ ಲೆಕ್ಕ ನೋಡುವವರು
ಆ ಕೇಳುವುದೇ ತಲೆನೋವು, ಮಾಸ್ತರೇ. ನಾವು ದುಡ್ಡು ಕೊಟ್ಟೇ ಆಂಟಿವೈರಸ್, ಫೈರ್‌ವಾಲ್ ಎಲ್ಲ ಸೇರಿದ ಒಂದು ಸೂಟ್ ತಂದೆವು. ಮೂರು ಮಷಿನ್‌ಗೆ 2,199. ಹಾಕಿದ ದಿನವೇ ಪ್ರಿಂಟರ್ ಕಾಣುವುದಿಲ್ಲ, ಕೌಂಟರಿನ ಮಷಿನ್‌ನಿಂದ ಟ್ಯಾಲಿ ತೆರೆಯುವುದಿಲ್ಲ. ಜಿಎಸ್‌ಟಿ ತುಂಬುವ ಕೊನೆಯ ದಿನ ಬೇರೆ. ಟೆಕ್ನಿಷಿಯನ್ ಬಂದ, 500. ಸೂಟ್ ತೆಗೆದು ಹಾಕಿದ. ಆಮೇಲೆ ಇದ್ದ ನೆಟ್ಟೂ ಹೋಯಿತು! ಅದರ ಚೂರುಪಾರು ಒಳಗೇ ಉಳಿದಿತ್ತಂತೆ. ಅದನ್ನು ಕೀಳಲು ಆ ಕಂಪನಿಯದ್ದೇ ಬೇರೆ ಟೂಲ್ ಬೇಕು, ಅದಕ್ಕೆ ಮತ್ತೆ 500. ಕೊನೆಗೆ 3,250 ಕೊಟ್ಟು ಒಳ್ಳೆ ರೌಟರ್ ತಂದೆ. ಅಡ್ಮಿನ್ ಪಾಸ್‌ವರ್ಡ್ ಬದಲಿಸಿದೆ, ಯುಪಿಎನ್‌ಪಿ (ಒಳಗಿನ ಸಾಧನ ಕೇಳಿದರೆ ರೌಟರ್ ತಾನೇ ಪೋರ್ಟ್ ತೆರೆಯುವ ಸೆಟಿಂಗ್) ಆಫ್ ಮಾಡಿದೆ, ಮುಗಿಯಿತು. ಟಿವಿ, ಫೋನು, ಕ್ಯಾಮೆರಾ ಎಲ್ಲ ಅದರ ಹಿಂದೆ. ಟಿವಿಗೆ ಝೋನ್‌ಅಲಾರ್ಮ್ ಹಾಕುತ್ತೀರಾ? ಸಮುದ್ರದ ಗಾಳಿಗೆ ಅಡಾಪ್ಟರಿನ ಪಿನ್ ಹಸಿರುಗಟ್ಟುತ್ತದೆ, ಅದೊಂದೇ ತೊಂದರೆ.

ಯಲ್ಲಾಪುರ, ತೋಟದ ಮನೆ
ರೌಟರ್ ಹೊಗಳುವವರು ಮೇ ತಿಂಗಳಲ್ಲಿ ಘಟ್ಟದ ಮೇಲೆ ಬಂದು ಇರಿ. ತಾಮ್ರದ ಲೈನ್ ಇದ್ದಾಗ ಸಿಡಿಲಿಗೆ ಮೋಡೆಮ್ ಹೋಯಿತು, 1,350. ಮುಂದಿನ ವರ್ಷ ಮೋಡೆಮ್ ಜೊತೆ ಲ್ಯಾನ್ ಪೋರ್ಟ್, ಅದರ ಹಿಂದೆ ಮದರ್‌ಬೋರ್ಡ್. ಬೋರ್ಡಿಗೆ 4,800, ಹುಬ್ಬಳ್ಳಿಯಿಂದ ತರಿಸಿದ್ದಕ್ಕೆ ಬೇರೆ. ಫೈಬರ್ ಬಂದರೆ ತೊಂದರೆ ಇಲ್ಲ ಅಂದರು. ಗಾಜಿನ ಎಳೆಯಲ್ಲಿ ಬರದ ಸಿಡಿಲು ಕರೆಂಟಿನ ಲೈನಿನಲ್ಲಿ ಬಂತು. ಬದಲಿ ಕೊಟ್ಟ ಡಬ್ಬದಲ್ಲಿ ಹಳೆ ಸೆಟಿಂಗ್ ಒಂದೂ ಇಲ್ಲ. ಫೈರ್‌ವಾಲ್ 'ಲೋ', ಯುಪಿಎನ್‌ಪಿ ಆನ್, ಪಾಸ್‌ವರ್ಡ್ ಅಡ್ಮಿನ್. ಹಚ್ಚಿದವನು ವೈಫೈ ಬಂತಾ ಅಂತ ಕೇಳಿ ಬೈಕ್ ಹತ್ತಿದ. ಸಾಫ್ಟ್‌ವೇರಿಗೆ ಸಿಡಿಲು ಹೊಡೆಯುತ್ತದಾ?

ಕಾರವಾರ
ಸಿಡಿಲಿಗೂ ಫೈರ್‌ವಾಲಿಗೂ ಏನು ಸಂಬಂಧ ಮಾರಾಯ್ರೆ? ಗುಡುಗು ಕೇಳಿದಾಗ ಪ್ಲಗ್ ತೆಗೆಯಿರಿ. ಅರ್ಥಿಂಗ್ ನೋಡಿಸಿ.

ಯಲ್ಲಾಪುರ
ಅರ್ಥಿಂಗ್ ಪಾಠ ನನಗೆ ಬೇಡ. ಎರಡು ಕಡೆ ಗುಂಡಿ ತೋಡಿಸಿ, ಉಪ್ಪು ಇದ್ದಿಲು ತುಂಬಿಸಿ 6,000 ಹಾಕಿದ್ದೇನೆ.

ಕೇಳಿದವರು
ವಿಂಡೋಸ್‌ನದ್ದೇ ಒಂದು ಇದೆಯಲ್ಲ, ಅದನ್ನು ಆನ್ ಇಟ್ಟರೆ ಸಾಕಾ?

ಹೊನ್ನಾವರ, ಬೆಂಗಳೂರಿನ ಕಂಪನಿಗೆ ಮನೆಯಿಂದ ಕೆಲಸ
ರೌಟರಿನವರೆಲ್ಲ ನ್ಯಾಟ್ (ಮನೆಯ ಸಾಧನಗಳಿಗೆಲ್ಲ ಹೊರಗೆ ಒಂದೇ ವಿಳಾಸ ತೋರಿಸುವುದು) ಅನ್ನೇ ಫೈರ್‌ವಾಲ್ ಅಂದುಕೊಂಡಿದ್ದಾರೆ. ನೆಟ್ಟಿನ ಹಳೆ ವಿಳಾಸ ಪದ್ಧತಿ ಐಪಿವಿ4ರಲ್ಲಿ ಹೊರಗಿಂದ ಬಂದದ್ದಕ್ಕೆ ಒಳಗಿನ ದಾರಿ ಗೊತ್ತಾಗುವುದಿಲ್ಲ, ಸರಿ. ಹೊಸ ಪದ್ಧತಿ ಐಪಿವಿ6ರಲ್ಲಿ ಪ್ರತಿ ಫೋನಿಗೂ, ಕಂಪ್ಯೂಟರಿಗೂ ಹೊರಗಿಂದ ಕಾಣುವ ವಿಳಾಸವೇ ಸಿಗುತ್ತದೆ. ಅಲ್ಲಿ ರೌಟರಿನ ಐಪಿವಿ6 ಫೈರ್‌ವಾಲ್ ಆನ್ ಇರಲೇಬೇಕು. ಎಷ್ಟು ಜನ ಆ ಪೇಜ್ ತೆರೆದು ನೋಡಿದ್ದೀರಿ?

ನಾನು ಹಳೆ ಡೆಸ್ಕ್‌ಟಾಪಿಗೆ ಪಿಎಫ್‌ಸೆನ್ಸ್ (ಕಂಪ್ಯೂಟರನ್ನೇ ಇಡೀ ಮನೆಯ ಫೈರ್‌ವಾಲ್ ಮಾಡುವ ಸಾಫ್ಟ್‌ವೇರ್) ಹಾಕಿದ್ದೆ. ಎರಡನೇ ನೆಟ್‌ವರ್ಕ್ ಕಾರ್ಡ್ 650, ಎಸ್‌ಎಸ್‌ಡಿ 1,800, ಯುಪಿಎಸ್ ಬ್ಯಾಟರಿ 1,100. ಕೆಲಸ ಅಚ್ಚುಕಟ್ಟು, ಲಾಗ್ ನೋಡುತ್ತ ಕೂತರೆ ಹೊತ್ತು ಹೋದದ್ದೇ ಗೊತ್ತಾಗುವುದಿಲ್ಲ. ಆದರೆ ಫ್ಯಾನಿನ ಸದ್ದಿಗೆ ಆಯಿ ರಾತ್ರಿ ಸ್ವಿಚ್ ತೆಗೆಯುತ್ತಿದ್ದರು, ಬೆಳಿಗ್ಗೆ ಮೀಟಿಂಗ್ ಹೊತ್ತಿಗೆ ಇಡೀ ಮನೆಗೆ ನೆಟ್ ಇಲ್ಲ. ಜೋಗಕ್ಕೆ ಹೋದಾಗ ಹೋಟೆಲಿನ ವೈಫೈ ಹಚ್ಚಿದೆ. ಅಲ್ಲಿಗೆ ಪಿಎಫ್‌ಸೆನ್ಸ್ ಬರುತ್ತದಾ? ಲ್ಯಾಪ್‌ಟಾಪಿನ ಜೊತೆ ಬರುವುದು ವಿಂಡೋಸ್ ಫೈರ್‌ವಾಲ್ ಮಾತ್ರ. ಅದೂ ಆ ವೈಫೈಯನ್ನು 'ಪಬ್ಲಿಕ್' ಅಂತ ಇಟ್ಟರೆ. 2017ರ ಮೇ ತಿಂಗಳಲ್ಲಿ ಫೈಲ್ ಲಾಕ್ ಮಾಡಿ ದುಡ್ಡು ಕೇಳಿದ ವಾನಾಕ್ರೈ ನೆನಪಿದೆಯಾ? ನೆಟ್‌ವರ್ಕಿನ ಒಂದು ಮಷಿನ್‌ಗೆ ಹೊಕ್ಕರೆ 445ನೇ ಪೋರ್ಟಿನಿಂದ ಪಕ್ಕದ್ದಕ್ಕೆ ಹಾರುತ್ತಿತ್ತು. ಒಳಗೊಳಗೇ ಓಡಾಡುವುದನ್ನು ಮನೆಯ ರೌಟರ್ ತಡೆಯುವುದಿಲ್ಲ. ದಣಪೆ ಹಾಕಿದೆ ಅಂತ ಮನೆ ಬಾಗಿಲು ತೆರೆದಿಟ್ಟು ಮಲಗುತ್ತೀರಾ?

ಮಾಸ್ತರೇ, ಆ ಕೇಳುವ ಪೆಟ್ಟಿಗೆಗೆ ಜನ ಓದದೆ 'ಎಸ್' ಒತ್ತುತ್ತಾರೆ. ಇದ್ದೂ ಇಲ್ಲದ ಹಾಗೆ.

ಕುಮಟಾ ಮಾಸ್ತರು
ಜನ ಒತ್ತುತ್ತಾರೆ, ನಾನು ಒತ್ತುವುದಿಲ್ಲ. ವಿಂಡೋಸ್‌ನದ್ದು ಒಳಗೆ ಬರುವುದನ್ನು ತಡೆಯುತ್ತದೆ, ಹೊರಗೆ ಹೋಗುವುದನ್ನು ನಾವೇ ರೂಲ್ ಬರೆಯದಿದ್ದರೆ ಬಿಟ್ಟುಬಿಡುತ್ತದೆ. ಅದನ್ನು ಯಾಕೆ ಹೇಳಲಿಲ್ಲ? ಬೆಂಗಳೂರಿನ ಸಂಬಳ ಬಂದ ತಕ್ಷಣ ಮಾಸ್ತರಿಗೆ ಪಾಠ ಹೇಳಬೇಕಾಗಿಲ್ಲ ತಮ್ಮಾ.

ಹೊನ್ನಾವರ
ಸಂಬಳ ಎಲ್ಲಿಂದ ಬಂತು ಇದರಲ್ಲಿ?

ಅಂಕೋಲಾ, ಅಕ್ಕೋರು
ಜಗಳ ಸಾಕು. ನಮ್ಮನೆಯ ಕತೆ ಕೇಳಿ. ಕ್ಯಾಮೆರಾ ಹಚ್ಚಿದವನು ಮೊಬೈಲಿನಲ್ಲಿ ಕಾಣಬೇಕಲ್ಲ ಅಂತ ರೌಟರಿನಲ್ಲಿ ಪೋರ್ಟ್ ತೆರೆದಿಟ್ಟು ಹೋದ. ಡಿವಿಆರ್ (ಕ್ಯಾಮೆರಾದ ದೃಶ್ಯ ಉಳಿಸುವ ಪೆಟ್ಟಿಗೆ) ಪಾಸ್‌ವರ್ಡ್ ಕಂಪನಿಯಿಂದ ಬಂದದ್ದೇ. 18,500 ಎಣಿಸಿಕೊಂಡ, ಅದೊಂದು ಬದಲಿಸಲಿಲ್ಲ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹಿಡಿದದ್ದು ಇಂಥ ಡಿವಿಆರ್, ಕ್ಯಾಮೆರಾಗಳನ್ನೇ, ಅದೂ ಕಾರ್ಖಾನೆಯ ಪಾಸ್‌ವರ್ಡ್ ಹಾಕಿ ನೋಡಿಯೇ. ಕಾರವಾರದವರೇ, ಎಲ್ಲ ರೌಟರಿನ ಹಿಂದೆ ಅಂದಿರಲ್ಲ, ಹೀಗೆ ತೆರೆದಿಟ್ಟದ್ದನ್ನು ತೋರಿಸುವ ಪೋರ್ಟ್ ಫಾರ್ವರ್ಡಿಂಗ್ ಪೇಜ್ ನೋಡಿದ್ದೀರಾ?

ಕಾರವಾರ
ನಮ್ಮ ಕ್ಯಾಮೆರಾ ಹಚ್ಚಿದವನು ಅಂಥವನಲ್ಲ.

ಅಕ್ಕೋರು
ನಾವೂ ಹಾಗೇ ಅಂದಿದ್ದೆವು.

ಯಲ್ಲಾಪುರ
ಕ್ಯಾಮೆರಾ ಯಾಕೆ ಬೇಕು? ಅಂಗಳದಲ್ಲಿ ಅಡಕೆ ಒಣಗಿಸಿದಾಗ ನಾಯಿ ಸಾಕು. ಕರೆಂಟ್ ಹೋದರೂ ಬೊಗಳುತ್ತದೆ.

ಅಕ್ಕೋರು
ನಿಮ್ಮ ನಾಯಿ ಮಂಗನ ಹಿಂದೆ ತೋಟದಲ್ಲಿರುತ್ತದೆ.

ಶಿರಸಿ, ಕಂಪ್ಯೂಟರ್ ರಿಪೇರಿ
ಕೇಳಿದವರಿಗೆ: ರಿನೀವಲ್ ಬೇಡ. ಅವಧಿ ಮುಗಿದ ಸೂಟನ್ನು ಹಾಗೇ ಬಿಡಬೇಡಿ, ಪೂರ್ತಿ ತೆಗೆಸಿ. ವಿಂಡೋಸ್‌ನದ್ದು ಆನ್ ಆಯಿತಾ ನೋಡಿ, ರೌಟರಿನದ್ದನ್ನೂ ಬಿಡಬೇಡಿ. ಎರಡಕ್ಕೂ ದುಡ್ಡು ಕೊಡಬೇಕಾಗಿಲ್ಲ. ಒಟ್ಟಿಗೆ ಓಡಿದರೆ ಜಗಳವೂ ಇಲ್ಲ, ಜಗಳ ಎರಡು ಸಾಫ್ಟ್‌ವೇರ್ ಫೈರ್‌ವಾಲ್ ಇಟ್ಟಾಗ.

ಕುಮಟಾ ಮಾಸ್ತರು
ರಿಪೇರಿಯವರು ಹೇಳುವುದೇ. ನನ್ನ 800 ಯಾರು ಕೊಡುತ್ತಾರೆ?

ಯಲ್ಲಾಪುರ
ಹೊನ್ನಾವರದವರೇ, ಆ ಪಿಎಫ್‌ಸೆನ್ಸ್ ಡಬ್ಬ ಮಾರುತ್ತೀರಾ? ಎಷ್ಟು?

ಕಾರವಾರ
ಸಾಫ್ಟ್‌ವೇರೇ ಸಾಕು ಅಂದವರಿಗೆ ಡಬ್ಬ ಯಾಕೆ? ಸಿಡಿಲಿಗೆ ಕೊಡಲಿಕ್ಕಾ?

ಹೊನ್ನಾವರ
ಎಸ್‌ಎಸ್‌ಡಿ ತೆಗೆದಿದ್ದೇನೆ. ಉಳಿದದ್ದು 1,500. ಕುಮಟಾ ಬಸ್‌ಸ್ಟ್ಯಾಂಡ್ ತನಕ ತರುತ್ತೇನೆ, ಘಟ್ಟ ಹತ್ತಿಸುವುದು ನಿಮ್ಮ ಖರ್ಚು.