ಅಮೆರಿಕದಲ್ಲಿ ನನ್ನ ಮೊದಲ ಓಟು: ಬೆಲೆ ಏರಿಕೆ ನೋಡಿ ನಿರ್ಧಾರ ಮಾಡಬಹುದಾ? ನಿಮ್ಮ ಅನುಭವ ಹೇಳಿ

ಕೇಳಿದವರು, ಎಡಿಸನ್, ನ್ಯೂಜೆರ್ಸಿ

ಎಲ್ಲರಿಗೂ ನಮಸ್ಕಾರ. ಊರು ಹಾಸನ, ಇಲ್ಲಿಗೆ ಬಂದು 14 ವರ್ಷ. ಎರಡು ತಿಂಗಳ ಹಿಂದೆ ಸಿಟಿಜನ್ ಆದೆ. 2026ರ ನವೆಂಬರ್ 3ಕ್ಕೆ ಮಧ್ಯಂತರ ಚುನಾವಣೆ, ಅಂದರೆ ಅಧ್ಯಕ್ಷರ ಅವಧಿಯ ನಡುವೆ ಇಲ್ಲಿನ ಸಂಸತ್ತಿಗೆ ನಡೆಯುವುದು. ಅದು ನನ್ನ ಮೊದಲ ಓಟು.

ಇಷ್ಟು ವರ್ಷ ಟಿವಿ ನೋಡಿಕೊಂಡು ಬೈಯುವುದು ಸುಲಭವಾಗಿತ್ತು. ಈಗ ನಾನೇ ಗುರುತು ಹಾಕಬೇಕು ಅಂದಾಗ ತಲೆ ಓಡುತ್ತಿಲ್ಲ. ನನಗೆ ದಿನಾ ತಟ್ಟುವುದು ಒಂದೇ, ಖರ್ಚು. ಮೊನ್ನೆ ಇಂಡಿಯನ್ ಅಂಗಡಿಯಲ್ಲಿ ಒಂದು ಚೀಲ ಸೋನಾ ಮಸೂರಿ, ತೊಗರಿಬೇಳೆ, ಎರಡು ಕಟ್ಟು ಮೆಂತ್ಯ, ತೆಂಗಿನಕಾಯಿ, ಕಾಫಿಪುಡಿ, ಒಂದಿಷ್ಟು ತರಕಾರಿ. ಬಿಲ್ಲು 71 ಡಾಲರ್. ಚಿಕ್ಕವಳ ಡೇಕೇರ್‌ಗೆ ತಿಂಗಳಿಗೆ 1,900. ಕರೆಂಟ್ ಬಿಲ್ ನೋಡಿ ನಮ್ಮ ಮನೆಯವರು ಥರ್ಮೋಸ್ಟಾಟ್ ಮೇಲೆ "78 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಸಬಾರದು" ಅಂತ ಚೀಟಿ ಅಂಟಿಸಿದ್ದಾರೆ.

ಬೆಲೆ ನೋಡಿ ಓಟು ಹಾಕುವುದರಲ್ಲಿ ಅರ್ಥ ಇದೆಯಾ? ನೀವು ಮೊದಲ ಸಲ ಹೇಗೆ ನಿರ್ಧಾರ ಮಾಡಿದಿರಿ? ಆಫೀಸಿನಲ್ಲಿ ಊಟದ ಹೊತ್ತಿಗೆ ರಾಜಕೀಯದ ಮಾತು ಬಂದರೆ ಏನು ಮಾಡುತ್ತೀರಿ? ಯಾವ ಪಕ್ಷಕ್ಕೆ ಹಾಕಬೇಕು ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಅದಕ್ಕೆ ನಮ್ಮ ಮಾವನವರ ವಾಟ್ಸಾಪ್ ಸಾಕಾಗಿದೆ.

ಫ್ರಿಸ್ಕೊ, ಟೆಕ್ಸಸ್

ನಾನು 2024ರಲ್ಲಿ ಬೆಲೆ ನೋಡಿಯೇ ಓಟು ಹಾಕಿದವನು. ಟ್ರಂಪ್‌ಗೆ ಹಾಕಿದೆ, ಮುಚ್ಚಿಡುವಂಥದ್ದೇನಿಲ್ಲ. 2022ರ ಜೂನ್‌ನಲ್ಲಿ ಹಣದುಬ್ಬರ ಶೇ 9.1 ಆಗಿತ್ತು. 40 ವರ್ಷಗಳಲ್ಲೇ ಜಾಸ್ತಿ. ಅದೇ ತಿಂಗಳು ಗ್ಯಾಸ್ (ಅಂದರೆ ಪೆಟ್ರೋಲ್) ಬೆಲೆ ದೇಶದ ಸರಾಸರಿಯಲ್ಲಿ ಗ್ಯಾಲನ್ನಿಗೆ 5 ಡಾಲರ್ ದಾಟಿತು. ಆಮೇಲೆ ಹಣದುಬ್ಬರ ಇಳಿಯಿತು ಅಂತ ಟಿವಿಯವರು ಹೇಳಿದ್ದೇ ಹೇಳಿದ್ದು. ಇಳಿದದ್ದು ಏರುವ ವೇಗ. ಏರಿದ ಬೆಲೆ ಏರಿದ ಕಡೆಯೇ ಕೂತಿತ್ತು. ಅಂಗಡಿಗೆ ಹೋಗುವವನಿಗೆ ಅದು ಗೊತ್ತಾಗದೇ ಇರುತ್ತದಾ?

ಸರಿ, ಗೆದ್ದರು. 2025ರ ಮಾರ್ಚ್‌ನಲ್ಲಿ ಒಂದು ಡಜನ್ ಮೊಟ್ಟೆಯ ಸರಾಸರಿ ಬೆಲೆ 6.23 ಡಾಲರ್, ಅದೂ ದಾಖಲೆ. ನನ್ನ ಹೆಂಡತಿ ಆ ರಸೀದಿಯನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದಳು, ನನ್ನನ್ನು ರೇಗಿಸಲು. ವರ್ಷದ ಕೊನೆಗೆ ಬೆಲೆ ಅರ್ಧಕ್ಕೆ ಬಂತು. ಆಗ ನಾನೊಂದು ರಸೀದಿ ಅಂಟಿಸಿದೆ. ಇಬ್ಬರದ್ದೂ ಹುಡುಗಾಟ. ಹಕ್ಕಿಜ್ವರ ಬಂದು ಕೋಟಿಗಟ್ಟಲೆ ಕೋಳಿ ಹೋದವು, ಬೆಲೆ ಏರಿತು. ಹೊಸ ಕೋಳಿ ಬೆಳೆದು ಮೊಟ್ಟೆ ಇಟ್ಟವು, ಇಳಿಯಿತು. ಬೈಡನ್ ಮಾತನ್ನೂ ಕೋಳಿ ಕೇಳಲಿಲ್ಲ, ಟ್ರಂಪ್ ಮಾತನ್ನೂ ಕೇಳಲಿಲ್ಲ.

ನನ್ನ ಜೇಬಿಗೆ ನಿಜವಾಗಿ ದುಡ್ಡು ಉಳಿಸಿದ್ದು ಬೇರೆ ಓಟು. ಟೆಕ್ಸಸ್‌ನಲ್ಲಿ ರಾಜ್ಯದ ಆದಾಯ ತೆರಿಗೆ ಇಲ್ಲ, ಮನೆ ತೆರಿಗೆಯಲ್ಲಿ ಹಿಂಡುತ್ತಾರೆ. ಶಾಲೆ ತೆರಿಗೆಯ ಲೆಕ್ಕಕ್ಕೆ ವಾಸದ ಮನೆಯ ಬೆಲೆಯಲ್ಲಿ ಬಿಡುವ ಮೊತ್ತವನ್ನು 2023ರ ನವೆಂಬರ್‌ನಲ್ಲಿ ಜನರೇ ಓಟು ಹಾಕಿ 40,000ದಿಂದ 1,00,000 ಡಾಲರಿಗೆ ಏರಿಸಿದರು. 2025ರಲ್ಲಿ ಅದು 1,40,000 ಆಯಿತು. ಎರಡೂ ಸಲ ನಮ್ಮ ಮತಗಟ್ಟೆಯಲ್ಲಿ ಸಾಲೇ ಇರಲಿಲ್ಲ. ಕಾರ್ ಪಾರ್ಕ್ ಮಾಡಿ, ಓಟು ಹಾಕಿ, ಸ್ಟಿಕ್ಕರ್ ಅಂಟಿಸಿಕೊಂಡು ವಾಪಸ್ ಬರಲು ಹತ್ತು ನಿಮಿಷ. ಅಧ್ಯಕ್ಷರ ಚುನಾವಣೆಗೆ ಇದೇ ಜಾಗದಲ್ಲಿ ಒಂದು ಗಂಟೆ ನಿಂತಿದ್ದೆ.

ಅಟ್ಲಾಂಟಾ, ಜಾರ್ಜಿಯ

ಫ್ರಿಸ್ಕೊದವರು ಹೇಳಿದ್ದಕ್ಕೆ ನನ್ನದೂ ಸೇರಿಸುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ನಮ್ಮ ರಾಜ್ಯದಲ್ಲಿ ಪಬ್ಲಿಕ್ ಸರ್ವಿಸ್ ಕಮಿಷನ್ ಅಂತ ಒಂದಿದೆ. ಐದು ಜನ. ದೊಡ್ಡ ಖಾಸಗಿ ವಿದ್ಯುತ್ ಕಂಪನಿ ಗಿರಾಕಿಗಳಿಂದ ಎಷ್ಟು ವಸೂಲು ಮಾಡಬಹುದು ಅಂತ ಹೇಳುವವರು ಇವರೇ. ಕರ್ನಾಟಕದಲ್ಲಿ ಕರೆಂಟ್ ದರ ನಿಗದಿ ಮಾಡುವ ಆಯೋಗ ಕೆಇಆರ್‌ಸಿ ಇದೆಯಲ್ಲ, ಹಾಗೆ. ಆದರೆ ಇಲ್ಲಿ ಈ ಐವರನ್ನು ಇಡೀ ರಾಜ್ಯದ ಜನ ಓಟು ಹಾಕಿ ಆರಿಸುತ್ತಾರೆ. ಹನ್ನೊಂದು ವರ್ಷ ಇಲ್ಲಿದ್ದೇನೆ, ಸಿಟಿಜನ್ ಆಗಿ ಆರು ವರ್ಷ. 2025ರವರೆಗೆ ಈ ಹುದ್ದೆ ಇದೆ ಅಂತಲೇ ನನಗೆ ಗೊತ್ತಿರಲಿಲ್ಲ! 2020ರಲ್ಲಿ ಬ್ಯಾಲಟ್ ಹಾಳೆಯ ಕೆಳಗಿನ ಭಾಗವನ್ನು ಖಾಲಿ ಬಿಟ್ಟು ಬಂದಿದ್ದೆ. ಗುರುತಿಲ್ಲದ ಹೆಸರುಗಳು, ಯಾಕೆ ಸುಮ್ನೆ ಅಂತ.

ಆಮೇಲೆ ಬಿಲ್ ಏರುತ್ತಾ ಹೋಯಿತು. 2023ರ ಜುಲೈನಲ್ಲಿ ವೋಗಲ್ ಅಣುಸ್ಥಾವರದ ಮೂರನೇ ಘಟಕ, 2024ರ ಏಪ್ರಿಲ್‌ನಲ್ಲಿ ನಾಲ್ಕನೆಯದು ಶುರುವಾದವು. ಎಷ್ಟೋ ವರ್ಷ ತಡ, ಖರ್ಚು 3,000 ಕೋಟಿ ಡಾಲರಿಗೂ ಮೇಲೆ. ಆ ಖರ್ಚಿನ ದೊಡ್ಡ ಪಾಲು ಬಂದು ಕೂತದ್ದು ನಮ್ಮ ಬಿಲ್ಲಿನಲ್ಲಿ. ನನ್ನ ಮನೆಯದು ಜುಲೈ ತಿಂಗಳಲ್ಲಿ 190 ಬರುತ್ತಿದ್ದದ್ದು 290 ಆಯಿತು. ಅದೇ ಮನೆ, ಅದೇ ಎಸಿ. ಕಮಿಂಗ್ ಅನ್ನುವ ಊರಿನಲ್ಲಿರುವ ನನ್ನ ಗೆಳೆಯನ ಮನೆಗೆ ಸಹಕಾರ ಸಂಘದ ಕರೆಂಟು, ಅವನ ಬಿಲ್ ಅಷ್ಟು ಏರಲಿಲ್ಲ. ಅವನ ಬಿಲ್ ನೋಡಿದ ಮೇಲೆಯೇ ನಾನು ಇದನ್ನೆಲ್ಲ ಕೆದಕಲು ಹೋದದ್ದು.

2025ರ ನವೆಂಬರ್‌ನಲ್ಲಿ ಎರಡು ಸ್ಥಾನಕ್ಕೆ ಚುನಾವಣೆ ಬಂತು. ಆಗ ಐವರೂ ರಿಪಬ್ಲಿಕನ್ನರು. ಜನ ಬಿಲ್ ಕೈಯಲ್ಲಿ ಹಿಡಿದುಕೊಂಡೇ ಬಂದಂತೆ ಬಂದರು. ಎರಡೂ ಕಡೆ ಡೆಮಾಕ್ರಟರು ಶೇ 60ಕ್ಕಿಂತ ಜಾಸ್ತಿ ಮತ ತೆಗೆದುಕೊಂಡು ಗೆದ್ದರು. ಜಾರ್ಜಿಯದಲ್ಲಿ ಅಷ್ಟು ಅಂತರ ಅಂದರೆ ರಿಪಬ್ಲಿಕನ್ ಮನೆಗಳ ಓಟೂ ಬಿದ್ದಿದೆ ಅಂತಲೇ ಲೆಕ್ಕ. ನಮ್ಮ ಪಕ್ಕದ ಮನೆಯಾತ, ಟ್ರಂಪ್ ಬಾವುಟ ಕಟ್ಟಿಕೊಂಡವನು, ಡ್ರೈವ್‌ವೇಯಲ್ಲಿ ನಿಂತು ತನ್ನ ಬಿಲ್ ತೋರಿಸಿದ. 340 ಡಾಲರ್. ಯಾರಿಗೆ ಹಾಕಿದೆ ಅಂತ ಅವನು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹಾಗಂತ ನನ್ನ ಬಿಲ್ ಇಳಿದಿಲ್ಲ. ಐವರಲ್ಲಿ ಇಬ್ಬರು ಬದಲಾದರೆ ಮರುದಿನವೇ ದರ ಇಳಿಯುತ್ತದೆ ಅಂತ ಯಾರೂ ನಂಬಬೇಡಿ. ಆದರೆ ನನ್ನ ಮನೆ ಖರ್ಚಿನಲ್ಲಿ ಯಾವ ಸಾಲಿಗೆ ಯಾರು ಹೊಣೆ ಅಂತ ಒಂದಾದರೂ ಗೊತ್ತಾಯಿತು. ಈಗ ನಾನು ಬ್ಯಾಲಟ್ ಹಾಳೆಯನ್ನು ಕೆಳಗಿನಿಂದ ಮೇಲಕ್ಕೆ ಓದುತ್ತೇನೆ.

ಎಡಿಸನ್ ಅವರೇ, ನಿಮ್ಮ ನ್ಯೂಜೆರ್ಸಿಯಲ್ಲಿ ಇಂಥ ಮಂಡಳಿಯವರನ್ನು ಗವರ್ನರ್ ನೇಮಿಸುತ್ತಾರೆ. ಅದಕ್ಕೇ ಅಲ್ವಾ ನಿಮ್ಮಲ್ಲಿ 2025ರ ಗವರ್ನರ್ ಚುನಾವಣೆಯ ತುಂಬ ಬರೀ ಕರೆಂಟ್ ಬಿಲ್ಲಿನ ಮಾತು.

ಪಾರ್ಸಿಪನಿ, ನ್ಯೂಜೆರ್ಸಿ

ಹೌದು. 2025ರ ಜೂನ್‌ನಲ್ಲಿ ನಮ್ಮಲ್ಲಿ ಕರೆಂಟ್ ದರ ಸುಮಾರು ಶೇ 20 ಏರಿತ್ತು. ಡೆಮಾಕ್ರಟಿಕ್ ಪಕ್ಷದ ಮೈಕಿ ಶೆರಿಲ್ ಗವರ್ನರ್ ಆಗಿ ಗೆದ್ದದ್ದರಲ್ಲಿ ಆ ಸಿಟ್ಟಿನ ಪಾಲೂ ಇದೆ. ಆದರೆ 13 ರಾಜ್ಯಗಳಿಗೆ ವಿದ್ಯುತ್ ಸಾಗಿಸುವ ಜಾಲವು, ಬೇಕಾದಾಗ ವಿದ್ಯುತ್ ಒದಗಿಸಲು ಸಿದ್ಧವಾಗಿರಿ ಅಂತ ಸ್ಥಾವರಗಳಿಗೆ ಕೊಡುವ ಹಣದ ಹರಾಜಿನಲ್ಲಿ ಬೆಲೆ ಒಂದೇ ಸಲಕ್ಕೆ ಒಂಬತ್ತು ಪಟ್ಟು ಹಾರಿದ್ದು ಮುಖ್ಯ ಕಾರಣ. ಅದು ನಮ್ಮ ರಾಜಧಾನಿ ಟ್ರೆಂಟನ್‌ನಲ್ಲಿ ಕೂತವರೊಬ್ಬರ ಕೈಯಲ್ಲಿಲ್ಲ.

ಇನ್ನೊಂದು ಮಾತು. ಕೆಳಗಿನ ಓಟು ಮುಖ್ಯ ಅಂತ ಹೇಳುವ ಭರದಲ್ಲಿ ಮೇಲಿನದು ಲೆಕ್ಕಕ್ಕಿಲ್ಲ ಅನ್ನಬೇಡಿ. 2025ರ ಆಗಸ್ಟ್ ಕೊನೆಯಲ್ಲಿ ಭಾರತದ ಬಹಳಷ್ಟು ಸಾಮಾನಿಗೆ ಸುಂಕ ಶೇ 50 ಆಯಿತು. ಅದೇ ವಾರ 800 ಡಾಲರ್ ಒಳಗಿನ ಪಾರ್ಸೆಲ್‌ಗಳಿಗಿದ್ದ ವಿನಾಯಿತಿಯೂ ಹೋಯಿತು. ಹೊಸ ನಿಯಮ ಸ್ಪಷ್ಟವಾಗುವ ತನಕ ಊರಿನ ಅಂಚೆಯಲ್ಲಿ ಅಮೆರಿಕದ ಪಾರ್ಸೆಲ್ ತೆಗೆದುಕೊಳ್ಳುವುದನ್ನೇ ನಿಲ್ಲಿಸಿದ್ದರು. ನಮ್ಮಮ್ಮ ನಾಲ್ಕು ಕೆಜಿ ಡಬ್ಬಿ ಕಟ್ಟಿಟ್ಟಿದ್ದರು: ಶೇಂಗಾ ಚಟ್ನಿಪುಡಿ, ಅಕ್ಕಿ ಹಪ್ಪಳ, ಬಾಳಕ, ಮಗುವಿಗೆ ರಾಗಿ ಹುರಿಹಿಟ್ಟು. ಅದು ಚಿಕ್ಕಮಗಳೂರಿನ ಮನೆಯ ಅಟ್ಟದ ಮೇಲೆಯೇ ಉಳಿಯಿತು. ಹಪ್ಪಳ ಅವರೇ ಕರಿದು ತಿಂದರಂತೆ. ನವೆಂಬರ್‌ನಲ್ಲಿ ಕಾಫಿ, ಚಹಾ, ಮಸಾಲೆ ಪದಾರ್ಥಗಳಿಗೆ ಸುಂಕ ಬಿಟ್ಟರು. ಬೆಲೆ ಏರಿಕೆಯ ಕೂಗು ಜೋರಾದದ್ದಕ್ಕೇ ಬಿಟ್ಟರು ಅಂತ ನನ್ನ ನಂಬಿಕೆ. ಇಷ್ಟೂ ವಾಷಿಂಗ್ಟನ್‌ನ ಒಂದೊಂದು ಸಹಿಯಿಂದ.

ಸನ್ನಿವೇಲ್, ಕ್ಯಾಲಿಫೋರ್ನಿಯ

ನಮ್ಮಲ್ಲಿ ಎಲ್ಲ ಮತದಾರರ ಮನೆಗೂ ಬ್ಯಾಲಟ್ ಅಂಚೆಯಲ್ಲೇ ಬರುತ್ತದೆ. ಜೊತೆಗೆ ಪಂಚಾಂಗದ ಹಾಗೆ ಒಂದು ಪುಸ್ತಕ. ಪ್ರತಿ ಪ್ರಸ್ತಾವಕ್ಕೂ ಪರ, ವಿರೋಧ, ಎಷ್ಟು ಖರ್ಚು ಎಲ್ಲ ಇರುತ್ತದೆ. ಭಾನುವಾರ ಬೆಳಿಗ್ಗೆ ಫಿಲ್ಟರ್ ಕಾಫಿ ಇಟ್ಟುಕೊಂಡು ನಾನೂ ನಮ್ಮವರೂ ಅಡುಗೆಮನೆ ಮೇಜಿನ ಮೇಲೆ ಹರಡಿಕೊಂಡು ಕೂರುತ್ತೇವೆ. 2024ರಲ್ಲಿ ಕನಿಷ್ಠ ಕೂಲಿಯನ್ನು ಗಂಟೆಗೆ 18 ಡಾಲರ್ ಮಾಡುವ ಪ್ರಸ್ತಾವಕ್ಕೆ ಎರಡು ಕಾಫಿ ಆಯಿತು. ನಾನು ಹೌದು ಅಂದೆ. ಅವರು, ದೋಸೆಗೆ ಈಗಲೇ 16 ಡಾಲರ್ ಕೊಡುತ್ತಿದ್ದೇವೆ, ಇನ್ನೂ ಏರುತ್ತದೆ ಅಂದರು. ಕೂದಲೆಳೆಯಲ್ಲಿ ಬಿದ್ದುಹೋಯಿತು. ಕೇಂದ್ರದ ಕನಿಷ್ಠ ಕೂಲಿ 2009ರಿಂದ 7.25ರಲ್ಲೇ ನಿಂತಿದೆ ಅನ್ನುವುದು ನನಗೆ ಗೊತ್ತಾದದ್ದು ಆವತ್ತೇ. ಅವಸರ ಮಾಡಬೇಡಿ. ನಿಮ್ಮ ರಾಜ್ಯದಲ್ಲೂ ಅಂಚೆ ಬ್ಯಾಲಟ್ ಕೇಳಿ ಪಡೆಯಬಹುದು.

ಡ್ಯಾಲಸ್‌ನಿಂದ, ಎಚ್1ಬಿ ವೀಸಾದವನು

ಓಟಿಲ್ಲದವನ ಒಂದು ಎಚ್ಚರಿಕೆ. ನಿಮ್ಮ ಮನೆಯವರು ಇನ್ನೂ ಗ್ರೀನ್‌ಕಾರ್ಡ್‌ನಲ್ಲಿದ್ದರೆ ಲೈಸೆನ್ಸ್ ರಿನ್ಯೂ ಮಾಡಿಸುವಾಗ ಹುಷಾರು. "ಮತದಾರರ ಪಟ್ಟಿಗೆ ಸೇರಿಸಬೇಕಾ" ಅಂತ ಒಂದು ಚೌಕ ಇರುತ್ತದೆ. ನನ್ನ ರೂಮ್‌ಮೇಟ್ ಓದದೆ ಟಿಕ್ ಮಾಡಿ, ಆಮೇಲೆ ವಕೀಲರಿಗೆ ದುಡ್ಡು ಸುರಿದು ಹೆಸರು ತೆಗೆಸಿದ. ಸಿಟಿಜನ್‌ಶಿಪ್ ಅರ್ಜಿಯಲ್ಲಿ ಎಂದಾದರೂ ಮತದಾರರ ಪಟ್ಟಿಗೆ ಸೇರಿದ್ದಿರಾ ಅಂತ ಕೇಳುತ್ತಾರೆ. ಓಟು ಹಾಕಿಬಿಟ್ಟರಂತೂ ಗಡೀಪಾರಿನವರೆಗೂ ಹೋಗಬಹುದು. ನನ್ನಂಥವರು ಅಭ್ಯರ್ಥಿಗೆ ಐದು ಡಾಲರ್ ದೇಣಿಗೆ ಕೊಡುವಂತೆಯೂ ಇಲ್ಲ. ತೆರಿಗೆ ಮಾತ್ರ ಕಟ್ಟುತ್ತೇವೆ.

ಟ್ರಾಯ್, ಮಿಷಿಗನ್

ಮಗಳೇ, ನಾನು 1978ರಲ್ಲಿ ಧಾರವಾಡದಿಂದ ಬಂದವಳು. 1982ರಲ್ಲಿ ನಾವು ಮನೆ ತೆಗೆದುಕೊಂಡಾಗ ಸಾಲದ ಬಡ್ಡಿ ಶೇ 16. ಈಗಿನ ಹುಡುಗರು 7 ಅಂದರೆ ಹೌಹಾರುತ್ತಾರೆ ಅಂತ ನಗುತ್ತಿದ್ದೆ. ಒಮ್ಮೆ ಮೊಮ್ಮಗ ಕಾಗದ, ಪೆನ್ನು ತಂದು ಕೂರಿಸಿದ. ನಮ್ಮ ಮನೆಯ ಬೆಲೆ ಆಗ 68,000 ಡಾಲರ್. ಅವನು ನೋಡಿದ್ದು 4,80,000ದ್ದು. ಆವತ್ತಿನಿಂದ ನಗುವುದು ಬಿಟ್ಟೆ.

1980ರ ಚರ್ಚೆಯಲ್ಲಿ ರೇಗನ್ ಕೇಳಿದರು, ನಾಲ್ಕು ವರ್ಷದ ಹಿಂದಿಗಿಂತ ಈಗ ಚೆನ್ನಾಗಿದ್ದೀರಾ ಅಂತ. ಅಲ್ಲಿಂದ ಇಲ್ಲಿಯವರೆಗೆ ಎಲ್ಲರೂ ಅದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದಾರೆ. ಬೆಲೆ ನೋಡಿ ಓಟು ಹಾಕಿದರೆ ದಡ್ಡತನ ಅಂತ ಯಾರಾದರೂ ಅಂದರೆ ತಲೆ ಕೆಡಿಸಿಕೊಳ್ಳಬೇಡ.

ಆಫೀಸಿನ ಮಾತಿಗೆ ಬರುತ್ತೇನೆ. ಆಸ್ಪತ್ರೆ ಲ್ಯಾಬಿನಲ್ಲಿ 31 ವರ್ಷ ಕೆಲಸ ಮಾಡಿದೆ. ಊಟದ ಮೇಜಿನಲ್ಲಿ ಯಾರಿಗೆ ಹಾಕಿದಿರಿ ಅಂತ ಕೇಳಬಾರದು, ಅದು ಸಂಬಳ ಕೇಳಿದ ಹಾಗೆ. ಆದರೆ "ನಿಮಗೆ ಈ ಸಲ ಹೀಟಿಂಗ್ ಬಿಲ್ ಎಷ್ಟು ಬಂತು" ಅಂತ ಕೇಳು. ಎಲ್ಲರೂ ಬಾಯಿ ಬಿಡುತ್ತಾರೆ. ಕಾರು ಕಾರ್ಖಾನೆಯವನ ಹೆಂಡತಿ, ಡಾಕ್ಟರು, ನೆಲ ಒರೆಸುವವರು, ಎಲ್ಲರೂ. ಯಾರ ಮನೆಯಲ್ಲಿ ಏನು ಕಷ್ಟ ಅಂತ ನನಗೆ ತಿಳಿದದ್ದು ಹಾಗೆ.

ಇನ್ನೊಂದು. ಇಲ್ಲಿ ಡೆಟ್ರಾಯ್ಟ್‌ನಿಂದ 2022ರಲ್ಲಿ ಕಾಂಗ್ರೆಸ್‌ಗೆ, ಅಂದರೆ ಇಲ್ಲಿನ ಸಂಸತ್ತಿಗೆ, ಗೆದ್ದ ಶ್ರೀ ಥಾಣೇದಾರ್ ಬೆಳಗಾವಿಯಲ್ಲಿ ಬೆಳೆದವರು. ನಮ್ಮ ಕಡೆಯವರು ಅಂತ ನಮ್ಮ ಸಂಘದಲ್ಲಿ ಭಾರೀ ಖುಷಿ. ಖುಷಿ ಪಡಿ, ಓಟನ್ನು ಮಾತ್ರ ಬೇರೆ ತಕ್ಕಡಿಯಲ್ಲಿ ತೂಗಿ.

ಕೇಳಿದವರು, ಎಡಿಸನ್

ಎಲ್ಲರಿಗೂ ಥ್ಯಾಂಕ್ಸ್, ಅಮ್ಮ ನಿಮಗಂತೂ ವಿಶೇಷವಾಗಿ. ಇವತ್ತು ಊಟಕ್ಕೆ ಕೂತಾಗ ಕರೆಂಟ್ ಬಿಲ್ ಕೇಳಿದೆ. ಮುಕ್ಕಾಲು ಗಂಟೆ ಮಾತಾಡಿದರು, ಮೀಟಿಂಗ್ ತಪ್ಪಿತು.

ಮತದಾರರ ಪಟ್ಟಿಗೆ ಅರ್ಜಿ ಹಾಕಿಯಾಯಿತು. ಇಲ್ಲಿ ಚುನಾವಣೆಗೆ 21 ದಿನ ಮುಂಚೆ ಕೊಟ್ಟಿರಬೇಕು, ಅಂದರೆ ಅಕ್ಟೋಬರ್ 13. ಮನೆಯವರಿಗೆ ಆ ಚೌಕದ ವಿಷಯ ಹೇಳಿದೆ, ಮುಖ ಬೆಳ್ಳಗಾಯಿತು. ಅವರ ಲೈಸೆನ್ಸ್ ಮುಂದಿನ ತಿಂಗಳೇ ರಿನ್ಯೂ ಇದೆ.

ಮನೆ ತೆರಿಗೆ ಬಿಲ್ಲನ್ನೂ ಮೊದಲ ಸಲ ಪೂರ್ತಿ ಓದಿದೆ. ದೇಶದಲ್ಲೇ ಜಾಸ್ತಿ ತೆರಿಗೆ ನಮ್ಮ ರಾಜ್ಯದ್ದು ಅಂತ ಗೊತ್ತಿತ್ತು. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಶಾಲೆಗೆ ಹೋಗುತ್ತದೆ ಅಂತ ಗೊತ್ತಿರಲಿಲ್ಲ. ಆ ಬಜೆಟ್ ಮಾಡುವ ಶಾಲಾ ಮಂಡಳಿಗೂ ನಾವೇ ಓಟು ಹಾಕುವುದಂತೆ. ಕೌಂಟಿಯಲ್ಲಿ ಆರಿಸುವ ಹುದ್ದೆಗಳನ್ನು ನೋಡಿದೆ: ಕಮಿಷನರ್, ಕ್ಲರ್ಕ್, ಶೆರಿಫ್, ಸರೊಗೇಟ್. ಈ ಸರೊಗೇಟ್ ಅಂದರೆ ಏನು, ಯಾರಿಗಾದರೂ ಗೊತ್ತಾ?

ಪಾರ್ಸಿಪನಿ

ಉಯಿಲು, ವಾರಸುದಾರಿಕೆ ನೋಡಿಕೊಳ್ಳುವವರು. ನಿಮ್ಮ ಬೇಳೆ ಬೆಲೆಗೂ ಅವರಿಗೂ ಸಂಬಂಧ ಇಲ್ಲ.